‘ದಿ ಲಿಸ್ಟ್ ಆಫ್ ಏಡ್ರಿಯನ್ ಮೆಸೆಂಜರ್’ (1963): ಆ ಮುಖವಾಡಗಳು ಕಥೆಗೆ ಬೇಕಿತ್ತಾ?

ಹಳೇರೀಲು

ಜಾನ್ ಹ್ಯೂಸ್ಟನ್ ಅವರ ಈ ಕೊಲೆ ರಹಸ್ಯದ ಸಿನಿಮಾ ಬಗ್ಗೆ ಇಲ್ಲಿ ಒಂದು ಚರ್ಚೆಯ ಎಳೆ ಬೇಕು ಅಂತ ತುಂಬ ದಿನದಿಂದ ಅನಿಸುತ್ತಿತ್ತು. ಕಪ್ಪು-ಬಿಳುಪು, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಇದರ ಹೆಸರೆತ್ತಿದರೆ ಸಾಕು, ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಟೋನಿ ಕರ್ಟಿಸ್, ಬರ್ಟ್ ಲ್ಯಾಂಕಾಸ್ಟರ್, ರಾಬರ್ಟ್ ಮಿಚಮ್, ಫ್ರಾಂಕ್ ಸಿನಾಟ್ರಾ, ಕರ್ಕ್ ಡಗ್ಲಾಸ್ ಇಷ್ಟೂ ಜನ ಗುರುತು ಸಿಗದ ಹಾಗೆ ವೇಷ ಹಾಕಿದ್ದಾರೆ, ಕೊನೆಗೆ ಒಬ್ಬೊಬ್ಬರಾಗಿ ಮುಖ ಕಿತ್ತು ತೋರಿಸುತ್ತಾರೆ, ಅದೆಲ್ಲ ಸುಮ್ನೆ ಪ್ರಚಾರಕ್ಕೆ ಮಾಡಿದ ಗಿಮಿಕ್ಕು, ಅದನ್ನು ತೆಗೆದಿದ್ದರೆ ಒಳ್ಳೇ ಪತ್ತೇದಾರಿ ಸಿನಿಮಾ ಆಗುತ್ತಿತ್ತು ಅಂತ.

ನಾನು ಇದನ್ನು ಒಪ್ಪುವುದಿಲ್ಲ. ಆ ವೇಷಗಳಿಲ್ಲದೆ ಈ ಕಥೆ ನಿಲ್ಲುವುದಿಲ್ಲ ಅನ್ನುವುದು ನನ್ನ ವಾದ.

ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ. ನೋಡದವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಏಡ್ರಿಯನ್ ಮೆಸೆಂಜರ್ ಅನ್ನುವ ಲೇಖಕ ತನ್ನ ಗೆಳೆಯ ಆಂಟನಿ ಗೆಥ್ರಿನ್ ಕೈಗೆ ಒಂದು ಪಟ್ಟಿ ಕೊಡುತ್ತಾನೆ. ಗೆಥ್ರಿನ್ ಹಿಂದೆ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದವನು, ಆ ಪಾತ್ರ ಜಾರ್ಜ್ ಸಿ. ಸ್ಕಾಟ್ ಅವರದು. ಪಟ್ಟಿಯಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಕಸುಬಿನ ಗಂಡಸರ ಹೆಸರುಗಳು. ಇವರೆಲ್ಲ ಈಗಲೂ ಆ ವಿಳಾಸಗಳಲ್ಲಿ ಇದ್ದಾರಾ ನೋಡು, ಯಾಕೆ ಅಂತ ಕೇಳಬೇಡ ಅನ್ನುತ್ತಾನೆ. ಆಮೇಲೆ ಅವನು ಹತ್ತಿದ ವಿಮಾನವೇ ಸ್ಫೋಟವಾಗುತ್ತದೆ. ಸಮುದ್ರದಲ್ಲಿ ತೇಲುತ್ತಾ ಸಾಯುವ ಮುಂಚೆ ಅವನು ಬಡಬಡಿಸಿದ ಅರ್ಧಂಬರ್ಧ ಮಾತುಗಳನ್ನು ಬದುಕುಳಿದ ಒಬ್ಬನೇ ಒಬ್ಬ ಪ್ರಯಾಣಿಕ, ಫ್ರೆಂಚ್‌ನವ ರೌಲ್, ಕೇಳಿಸಿಕೊಂಡಿರುತ್ತಾನೆ. ಗೆಥ್ರಿನ್ ಹುಡುಕುತ್ತಾ ಹೋದರೆ ಪಟ್ಟಿಯವರು ಒಬ್ಬೊಬ್ಬರೂ ‘ಅಪಘಾತ’ದಲ್ಲಿ ಸತ್ತಿದ್ದಾರೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಕೊಲೆಗಾರ (ಆ ಪಾತ್ರ ಕರ್ಕ್ ಡಗ್ಲಾಸ್ ಅವರದು) ವೇಷ ಬದಲಿಸುತ್ತಾ ಓಡಾಡುವವನು ಅಂತ ಸಿನಿಮಾ ನಮಗೆ ಬಹಳ ಬೇಗ ತೋರಿಸಿಬಿಡುತ್ತದೆ. ಅಂದಮೇಲೆ ತೆರೆಯ ಮೇಲೆ ಅಂಟಿಸಿದ ಮೂಗು, ಅಂಟಿಸಿದ ಕೆನ್ನೆ ಕಂಡರೆ ಸಾಕು, ಇವನೇ ಅವನು ಅಂತ ನಾವು ಹಿಡಿದುಬಿಡುತ್ತೇವೆ. ಹ್ಯೂಸ್ಟನ್ ಇದನ್ನು ತಪ್ಪಿಸಿದ್ದು ಹೇಗೆ? ಕೊಲೆಗೂ ತಮಗೂ ಏನೂ ಸಂಬಂಧವಿಲ್ಲದ ಇನ್ನೂ ಮೂರು ಅಂಟಿಸಿದ ಮುಖಗಳನ್ನು ಊರಿನೊಳಗೆ ಬಿಟ್ಟು. ಬೀದಿಯಲ್ಲಿ ಪೆಟ್ಟಿಗೆ ವಾದ್ಯ ತಿರುಗಿಸುವ ಇಟಲಿಯವನು, ನರಿ ಬೇಟೆ ನಿಲ್ಲಿಸಿ ಅಂತ ಕೂಗಾಡುವ ದೊಡ್ಡ ಹೆಂಗಸು, ಕುದುರೆ ಹತ್ತಿರ ನಿಂತ ಜಿಪ್ಸಿ. ಇವರಲ್ಲಿ ಯಾರು ಬೇಕಾದರೂ ಅವನಾಗಿರಬಹುದು. ಆ ಅನುಮಾನವೇ ಸಿನಿಮಾವನ್ನು ಎಳೆದುಕೊಂಡು ಹೋಗುತ್ತದೆ.

ತುಂಗಾತೀರ

ನೋಡಿದ್ದೇನೆ, ಇಷ್ಟವೂ ಆಗಿದೆ. ಆದರೆ ಸಿನಾಟ್ರಾ ಮಾಡುವ ಜಿಪ್ಸಿಗೆ ಕಥೆಯಲ್ಲಿ ಕೆಲಸವೇನು ಹೇಳಿ? ಏನೂ ಇಲ್ಲ. ಬಂದ, ನಿಂತ, ಹೋದ. ಲ್ಯಾಂಕಾಸ್ಟರ್ ಹೆಂಗಸಿನ ವೇಷವೂ ಅಷ್ಟೇ. ಅನುಮಾನ ಹುಟ್ಟಿಸಬೇಕಾದರೆ ಆ ಪಾತ್ರ ಅನುಮಾನ ಬರುವಂಥದ್ದು ಏನಾದರೂ ಮಾಡಬೇಕು ಅಲ್ವಾ? ಮುಖ ವಿಚಿತ್ರವಾಗಿದೆ ಅಂದ ಮಾತ್ರಕ್ಕೆ ಸಾಲದು. ಮಿಚಮ್ ಪಾತ್ರ ಮಾತ್ರ ಬೇರೆ. ಅದಕ್ಕೆ ಕಥೆಯಲ್ಲಿ ಜಾಗವಿದೆ, ಮಾತಿದೆ, ಸಾವಿದೆ. ಗಾಲಿಕುರ್ಚಿಯಲ್ಲಿ ಕೂತ ಆ ಸ್ಲಾಟರಿಯನ್ನು ಥೇಮ್ಸ್ ನದಿಗೆ ತಳ್ಳುವ ದೃಶ್ಯ ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಹೆದರಿಕೆ ತಂದದ್ದು. ಅಲ್ಲಿ ವೇಷ ಹಾಕಿದವನು ವೇಷ ಹಾಕಿದವನನ್ನು ಕೊಲ್ಲುತ್ತಿದ್ದಾನೆ.

ಮಿಚಮ್ ಮಾತ್ರ ಎಷ್ಟು ಮೆತ್ತಿಕೊಂಡರೂ ಗೊತ್ತಾಗಿಬಿಡುತ್ತಾರೆ. ಆ ಅರೆಮುಚ್ಚಿದ ಕಣ್ಣುಗಳನ್ನು ಯಾವ ಮೇಕಪ್ಪೂ ಮುಚ್ಚುವುದಿಲ್ಲ.

ಚೌಕಿಮನೆ

ನಾನು ಹವ್ಯಾಸಿ ನಾಟಕ ತಂಡಗಳಿಗೆ ಮುಖವರ್ಣಿಕೆ ಮಾಡುವವಳು. ಹಾಗಾಗಿ ಮೊದಲು ಕೆಲಸದ ಬಗ್ಗೆ ಹೇಳುತ್ತೇನೆ.

ತೆರೆಯ ಮೇಲೆ ಹೆಸರು ಬರುವುದು ಬಡ್ ವೆಸ್ಟ್‌ಮೋರ್ ಅವರದು. ಆಗ ಯೂನಿವರ್ಸಲ್ ಸ್ಟುಡಿಯೋದ ಮೇಕಪ್ ವಿಭಾಗದ ಮುಖ್ಯಸ್ಥರು. ಆದರೆ ಈ ಮುಖಗಳ ಹಿಂದೆ ಅದೇ ವಿಭಾಗದಲ್ಲಿದ್ದ ಜಾನ್ ಚೇಂಬರ್ಸ್ ಕೈ ಇದೆ. ಅವರು ಸಿನಿಮಾಗೆ ಬರುವ ಮೊದಲು ಏನು ಮಾಡುತ್ತಿದ್ದರು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಮೂಗು, ಕಿವಿ, ದವಡೆ ಕಳೆದುಕೊಂಡ ಸೈನಿಕರಿಗೆ ಆಸ್ಪತ್ರೆಯಲ್ಲಿ ಕೃತಕ ಅಂಗ ಮಾಡಿಕೊಡುತ್ತಿದ್ದರು. ಈ ಕಥೆಯ ಪಟ್ಟಿಯಲ್ಲಿರುವವರೆಲ್ಲ ಅದೇ ಯುದ್ಧದ ಮಾಜಿ ಸೈನಿಕರು. ಯುದ್ಧದಲ್ಲಿ ಮುಖ ಕಳೆದುಕೊಂಡವರಿಗೆ ಮುಖ ಮಾಡಿಕೊಟ್ಟ ಕೈ, ಯುದ್ಧದಿಂದ ಬದುಕಿ ಬಂದವರನ್ನು ಕೊಲ್ಲುವವನಿಗೂ ಮುಖ ಮಾಡಿಕೊಟ್ಟಿದೆ. ಈ ಸಿನಿಮಾ ನೆನಪಾದಾಗಲೆಲ್ಲ ನನಗೆ ಇದೇ ಮೊದಲು ತಲೆಗೆ ಬರುತ್ತದೆ.

ಇಂಥ ಮುಖ ಮಾಡುವ ಕ್ರಮ ಹೀಗೆ. ಮೊದಲು ನಟನ ಮುಖದ ಅಚ್ಚು ತೆಗೆಯುತ್ತಾರೆ. ಅದರಿಂದ ಪ್ಲಾಸ್ಟರ್ ತಲೆ ಎರಕ ಹೊಯ್ಯುತ್ತಾರೆ. ಆ ತಲೆಯ ಮೇಲೆ ಜೇಡಿಮಣ್ಣಿನಲ್ಲಿ ಹೊಸ ಮೂಗು, ಗಲ್ಲ, ಜೋತುಬಿದ್ದ ಚರ್ಮ ತಿದ್ದುತ್ತಾರೆ. ಅದರ ಅಚ್ಚಿಗೆ ನೊರೆ ಬರಿಸಿದ ರಬ್ಬರ್ ಹಾಲು ಹಾಕಿ ಒಲೆಯಲ್ಲಿ ಬೇಯಿಸಿದರೆ ಸ್ಪಂಜಿನಂಥ ತುಂಡುಗಳು ಸಿಗುತ್ತವೆ. ಅಂಚು ಕಾಗದಕ್ಕಿಂತ ತೆಳ್ಳಗಿರಬೇಕು, ಇಲ್ಲದಿದ್ದರೆ ಬೆಳಕು ಬಿದ್ದ ಕೂಡಲೇ ಗೆರೆ ಕಾಣುತ್ತದೆ. ಸ್ಪಿರಿಟ್ ಗಮ್ಮಿನಲ್ಲಿ ಒಂದೊಂದೇ ತುಂಡು ಅಂಟಿಸಿ, ಮೇಲೆ ಬಣ್ಣ, ಆಮೇಲೆ ಕೂದಲು. ಗಂಟೆಗಟ್ಟಲೆ ಕೆಲಸ.

ಇದು ಗೊತ್ತಿದ್ದವರಿಗೆ ಕೊನೆಯ ದೃಶ್ಯ ಸ್ವಲ್ಪ ಕಿರಿಕಿರಿ ಮಾಡುತ್ತದೆ. ಹಾಗೆ ಒಂದೇ ಎಳೆತಕ್ಕೆ ಇಡೀ ಮುಖ ಕಿತ್ತು ಬರುವುದಿಲ್ಲ. ನಿಜಕ್ಕೂ ಅಂಟಿಸಿದ್ದನ್ನು ದ್ರಾವಕ ಹಚ್ಚಿ, ಅಂಚಿನಿಂದ ನಿಧಾನಕ್ಕೆ ಬಿಡಿಸಬೇಕು. ಬಿಡಿಸುವಾಗ ಹರಿದು ಚೂರಾಗುತ್ತದೆ, ಎರಡನೇ ಸಲಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಕಪ್ಪು-ಬಿಳುಪು ಆದದ್ದು ಒಳ್ಳೆಯದಾಯಿತು. ಬಣ್ಣದಲ್ಲಿ ರಬ್ಬರಿಗೂ ಚರ್ಮಕ್ಕೂ ಇರುವ ವ್ಯತ್ಯಾಸ ಥಟ್ಟನೆ ಗೊತ್ತಾಗಿಬಿಡುತ್ತಿತ್ತು.

ಪತ್ತೇದಾರಿಪುಟ

ವೇಷದ ಮಾತಿನಲ್ಲಿ ಕಾದಂಬರಿಕಾರನನ್ನು ಎಲ್ಲರೂ ಮರೆತುಬಿಡುತ್ತಾರೆ. ಇದು ಫಿಲಿಪ್ ಮ್ಯಾಕ್‌ಡೊನಾಲ್ಡ್ 1959ರಲ್ಲಿ ಬರೆದ ಕಾದಂಬರಿ. ಗೆಥ್ರಿನ್ ಪಾತ್ರವನ್ನು ಅವರು ಮೊದಲು ತಂದದ್ದು 1924ರಲ್ಲಿ, ಇದು ಆ ಸರಣಿಯ ಕೊನೆಯದು. ಅವರೇ ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಅಶ್ವದಳದಲ್ಲಿದ್ದವರು. ಕುದುರೆ, ಸೈನ್ಯ, ಹಳೇ ಜೊತೆಗಾರರು ಇವೆಲ್ಲ ಅವರಿಗೆ ಹೊರಗಿನ ವಿಷಯಗಳಾಗಿರಲಿಲ್ಲ.

ಕೊಲೆಯ ಕಾರಣವನ್ನೂ ಇಲ್ಲಿ ಬರೆದುಬಿಡೋಣ, ಯಾಕೆಂದರೆ ಸಿನಿಮಾದ ನಿಜವಾದ ಬಲ ಇರುವುದು ಅಲ್ಲೇ. ಪಟ್ಟಿಯಲ್ಲಿರುವವರೆಲ್ಲ ಬರ್ಮಾದ ಜಪಾನಿ ಯುದ್ಧಕೈದಿಗಳ ಶಿಬಿರದಲ್ಲಿ ಒಟ್ಟಿಗಿದ್ದವರು. ತಪ್ಪಿಸಿಕೊಳ್ಳಲು ಒಂದು ಯೋಜನೆ ಹಾಕಿರುತ್ತಾರೆ. ಜೊತೆಯಲ್ಲೇ ಇದ್ದ ಕೆನಡಾದ ಸಾರ್ಜೆಂಟ್ ಜಾರ್ಜ್ ಬ್ರೂಮ್ ಅದನ್ನು ಶತ್ರುಗಳಿಗೆ ತಿಳಿಸಿಬಿಡುತ್ತಾನೆ. ವರ್ಷಗಳ ಮೇಲೆ ಅವನಿಗೆ ಇಂಗ್ಲೆಂಡಿನ ಒಂದು ದೊಡ್ಡ ಮನೆತನದ ಪದವಿ, ಆಸ್ತಿ ಸಿಗುವ ದಾರಿ ಕಾಣುತ್ತದೆ. ಪದವಿ ಸಿಕ್ಕರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಫೋಟೋ ಬಂದರೆ ಹಳೇ ಕೈದಿಗಳಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ. ಅದಕ್ಕೇ ಮೊದಲು ಗುರುತು ಹಿಡಿಯುವವರನ್ನೆಲ್ಲ ಮುಗಿಸಿ, ಆಮೇಲೆ ವಾರಸುದಾರನಾದ ಪುಟ್ಟ ಹುಡುಗ ಡೆರೆಕ್‌ನನ್ನು ಮುಗಿಸುವ ಲೆಕ್ಕ.

ಹಳೇರೀಲು ಅವರೇ, ನಿಮ್ಮ ವಾದಕ್ಕೆ ಇದನ್ನು ಸೇರಿಸಿಕೊಳ್ಳಿ. ಇವನ ಹೆದರಿಕೆಯೇ ತನ್ನ ಮುಖ ಯಾರಿಗಾದರೂ ಗೊತ್ತಾದೀತು ಅನ್ನುವುದು. ಅವನಿಗೆ ಅಪಾಯಕಾರಿ ವೇಷ ಯಾವುದೂ ಇಲ್ಲ, ಅವನ ಸ್ವಂತ ಮುಖ ಒಂದನ್ನು ಬಿಟ್ಟು. ಪಾದ್ರಿಯ ಮುಖದಲ್ಲಿ ಅವನು ಎಲ್ಲಿ ಬೇಕಾದರೂ ಹೋಗಬಹುದು. ಸಾಕ್ಷಿಗಳೆಲ್ಲ ಸತ್ತಮೇಲೆ ಮಾತ್ರ ತನ್ನದೇ ಮುಖದಲ್ಲಿ ಓಡಾಡಬಹುದು. ಅದಕ್ಕೇ ಅವನು ಆ ಮನೆಗೆ ವೇಷವಿಲ್ಲದೆ, ನಗುನಗುತ್ತಾ, ನೆಂಟನಾಗಿ ಬಂದು ಊಟಕ್ಕೆ ಕೂತಾಗ ನಮಗೆ ಜಾಸ್ತಿ ಭಯವಾಗುತ್ತದೆ.

ಎಡಿಟಿಂಗ್‌ಟೇಬಲ್

ಎಲ್ಲರೂ ಮುಖವಾಡವನ್ನು ಹೊಗಳುತ್ತಿದ್ದೀರಿ, ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಮುಖವಾಡದ ಒಳಗೆ ನಿಜಕ್ಕೂ ಆ ನಟರೇ ಇದ್ದರಾ?

ಜಾನ್ ಮೆರ್ಲಿನ್ ಅನ್ನುವ ಅಮೆರಿಕದ ನಟ ಡಗ್ಲಾಸ್ ಬದಲಿಗೆ ಹಲವು ವೇಷಗಳನ್ನು ತಾನೇ ಮಾಡಿದ್ದು ಅಂತ ಹೇಳಿಕೊಂಡಿದ್ದಾರೆ. ತೆರೆಯ ಮೇಲೆ ಅವರ ಹೆಸರೇ ಇಲ್ಲ. ಆ ಅನುಭವವನ್ನೇ ಇಟ್ಟುಕೊಂಡು ಆಮೇಲೆ ಒಂದು ಕಾದಂಬರಿಯನ್ನೂ ಬರೆದರು. ಸಿನಾಟ್ರಾ ಮತ್ತು ಲ್ಯಾಂಕಾಸ್ಟರ್ ಬಗ್ಗೆಯೂ ಇಂಥದ್ದೇ ಮಾತಿದೆ: ಕೊನೆಯಲ್ಲಿ ಮುಖ ಕೀಳುವ ಚಿತ್ರೀಕರಣಕ್ಕೆ ಮಾತ್ರ ಬಂದು ಹೋದರು, ಕಥೆಯೊಳಗಿನ ದೃಶ್ಯಗಳಲ್ಲಿ ಬೇರೆಯವರಿದ್ದರು ಅಂತ.

ಇದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ. ಐದು ದೊಡ್ಡ ಹೆಸರುಗಳನ್ನು ತೋರಿಸಿ, ಹುಡುಕಿ ನೋಡೋಣ ಅಂತ ಪ್ರೇಕ್ಷಕರಿಗೆ ಸವಾಲು ಹಾಕಿ ಟಿಕೆಟ್ ಮಾರಿದ ಸಿನಿಮಾ ಇದು. ಜನ ದುಡ್ಡು ಕೊಟ್ಟು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದ್ದಾರೆ. ಅಲ್ಲಿ ಇಲ್ಲದವರನ್ನು ಹುಡುಕಿಸಿದರೆ ಅದು ಆಟ ಆಗುವುದಿಲ್ಲ, ಮೋಸ ಆಗುತ್ತದೆ. ಅದಕ್ಕಿಂತ ಬೇಸರ ಅಂದರೆ, ದಿನಗಟ್ಟಲೆ ರಬ್ಬರ್ ಹೊತ್ತು, ಬೆವರಿ, ಪಾತ್ರಕ್ಕೆ ನಡಿಗೆ ಕೊಟ್ಟ ನಟನಿಗೆ ಒಂದು ಸಾಲಿನ ಮನ್ನಣೆಯೂ ಸಿಗಲಿಲ್ಲ. ಚಪ್ಪಾಳೆ ಮುಖ ಕಿತ್ತವನಿಗೆ ಹೋಯಿತು.

ಚೌಕಿಮನೆ

ಎಡಿಟಿಂಗ್‌ಟೇಬಲ್ ಅವರೇ, ನಿಮ್ಮ ಸಿಟ್ಟು ನ್ಯಾಯವಾಗಿದೆ. ನಾನು ಕೆಲಸ ಮಾಡುವ ಕಡೆಯೂ ಇದೇ ನೋವು, ವೇಷ ಕಟ್ಟಿದವರ ಹೆಸರು ಕರಪತ್ರದಲ್ಲಿ ಕೊನೆಗೆ ಬಂದರೆ ಪುಣ್ಯ.

ಯಕ್ಷಗಾನ ನೋಡುವವರಿಗೆ ಒಳಗೆ ಯಾರಿದ್ದಾರೆ ಅಂತ ಮೊದಲೇ ಗೊತ್ತಿರುತ್ತದೆ. ಇವತ್ತು ಇಂಥವರ ಕೌರವ, ಇಂಥವರ ಭೀಮ ಅಂತಲೇ ಆಟಕ್ಕೆ ಹೋಗುತ್ತೇವೆ. ವೇಷ ಆ ಕಲಾವಿದನನ್ನು ದೊಡ್ಡದಾಗಿ ತೋರಿಸುತ್ತದೆ. ಈ ಸಿನಿಮಾದ ವೇಷದ ಕೆಲಸ ನಟನನ್ನು ಇಲ್ಲವಾಗಿಸುವುದು. ಅಷ್ಟು ಇಲ್ಲವಾಗಿಸಿದ ಮೇಲೆ ಒಳಗೆ ಯಾರನ್ನು ನಿಲ್ಲಿಸಿದರೂ ನಡೆಯುತ್ತದೆ ಅಂತ ಸ್ಟುಡಿಯೋಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಿಚಮ್ ವಿಷಯದಲ್ಲಿ ಅದು ನಡೆಯಲಿಲ್ಲ ನೋಡಿ. ಕಣ್ಣು, ದನಿ, ಭುಜ ಇಳಿಬಿಟ್ಟ ರೀತಿ ಎಲ್ಲವೂ ಹೊರಗೆ ಬಂದಿವೆ. ನನ್ನ ಲೆಕ್ಕದಲ್ಲಿ ಐದು ವೇಷಗಳಲ್ಲಿ ಅದೇ ಒಳ್ಳೆಯದು, ಗುರುತು ಸಿಕ್ಕರೂ ಸಹ.

ಲಿಫಿದಡದವನು

ಐರ್ಲೆಂಡಿನಲ್ಲಿ ಕೆಲಸ ಮಾಡುವ ಕನ್ನಡಿಗ ನಾನು, ಅದಕ್ಕೇ ಬೇಟೆಯ ಭಾಗದ ಬಗ್ಗೆ ಎರಡು ಮಾತು.

ನರಿ ಬೇಟೆಯ ದೃಶ್ಯಗಳನ್ನು ಇಲ್ಲೇ ಐರ್ಲೆಂಡಿನಲ್ಲಿ ತೆಗೆದದ್ದು. ಆಗ ಹ್ಯೂಸ್ಟನ್ ಗಾಲ್ವೇ ಕೌಂಟಿಯ ಸೇಂಟ್ ಕ್ಲೆರೆನ್ಸ್ ಅನ್ನುವ ಹಳೇ ಬಂಗಲೆಯಲ್ಲಿ ವಾಸವಾಗಿದ್ದರು. ‘ಗಾಲ್ವೇ ಬ್ಲೇಜರ್ಸ್’ ಅನ್ನುವ ಹೆಸರಾಂತ ಬೇಟೆ ತಂಡಕ್ಕೆ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದರು. 1964ರಲ್ಲಿ ಐರಿಶ್ ಪೌರತ್ವವನ್ನೂ ತೆಗೆದುಕೊಂಡರು. ಗಾಲ್ವೇಯಲ್ಲಿ ಹೊಲಗಳ ಮಧ್ಯೆ ಬೇಲಿಯ ಬದಲು ಕಲ್ಲು ಪೇರಿಸಿದ ಗೋಡೆಗಳಿರುತ್ತವೆ. ಆಚೆ ಏನಿದೆ ಅಂತ ಕಾಣದೆಯೇ ಕುದುರೆ ಹಾರಿಸಬೇಕು. ಈ ಸಿನಿಮಾದ ಕೊನೆಯ ಬಲೆ ಇರುವುದೂ ಅದರಲ್ಲೇ. ಕೊಲೆಗಾರ ಬ್ರೂಮ್ ರಾತ್ರಿ ನರಿಯ ವಾಸನೆಯ ಸುಳ್ಳು ಜಾಡು ಎಳೆದು, ಬೇಟೆಯ ಮುಂಚೂಣಿಯಲ್ಲಿ ಬರುವವನು ಗೋಡೆ ಹಾರಿದ ಕೂಡಲೇ ಬೀಳುವಂತೆ ಆಚೆ ಚೂಪು ಹಲ್ಲುಗಳ ಹೊಲದ ಯಂತ್ರ ಇಟ್ಟಿರುತ್ತಾನೆ. ಕೊನೆಗೆ ಅದರ ಮೇಲೆ ಬೀಳುವುದು ಅವನೇ. ಕುದುರೆ ಮೇಲೆ ಕೂತು ಎಷ್ಟೋ ಗೋಡೆ ಹಾರಿದವನಿಗೆ ಮಾತ್ರ ಹೊಳೆಯುವ ಭಯ ಅದು.

ಡೆರೆಕ್ ಆಗಿ ಬರುವ ಹುಡುಗ ನಿರ್ದೇಶಕರ ಮಗ ಟೋನಿ ಹ್ಯೂಸ್ಟನ್. ಸವಾರಿ ಗೊತ್ತಿದ್ದ ಹುಡುಗ, ಅದು ತೆರೆಯ ಮೇಲೆ ಕಾಣುತ್ತದೆ. ಇದೇ ಟೋನಿ ದೊಡ್ಡವರಾದ ಮೇಲೆ ಅಪ್ಪನ ಕೊನೆಯ ಸಿನಿಮಾಗೆ ಚಿತ್ರಕಥೆ ಬರೆದು ಆಸ್ಕರ್ ನಾಮನಿರ್ದೇಶನ ಪಡೆದರು. ಹ್ಯೂಸ್ಟನ್ ತಾವೂ ಬೇಟೆಯ ಗುಂಪಿನಲ್ಲಿ ಕುದುರೆ ಮೇಲೆ ಒಂದು ಸಲ ಬಂದು ಹೋಗುತ್ತಾರೆ, ಯಾವ ವೇಷವೂ ಇಲ್ಲದೆ.

ಲ್ಯಾಂಕಾಸ್ಟರ್ ಹೆಸರಿನಲ್ಲಿರುವ ಆ ಹೆಂಗಸನ್ನು ಸಿನಿಮಾ ನಗೆಪಾಟಲು ಮಾಡುತ್ತದೆ. ನನಗೆ ಅದು ಹಿಡಿಸಲಿಲ್ಲ. ನರಿಯನ್ನು ನಾಯಿಗಳಿಂದ ಹರಿಸುವುದು ಕ್ರೂರ ಅನ್ನುವ ಒಂದೇ ದನಿ ಅವಳದು, ಅದನ್ನು ಮುಖವಾಡದೊಳಗೆ ಇಟ್ಟು ಕಾರ್ಟೂನ್ ಮಾಡಿದರು. ಇಂಗ್ಲೆಂಡಿನಲ್ಲಿ ಈಗ ನಾಯಿಗಳ ಹಿಂಡು ಬಿಟ್ಟು ನರಿ ಬೇಟೆಯಾಡುವುದಕ್ಕೆ ಕಾನೂನಿನ ನಿಷೇಧವಿದೆ, 2005ರಿಂದ. ಅವಳು ಹೇಳಿದ್ದೇ ಗೆದ್ದಿತು.

ತುಂಗಾತೀರ

ನಟನೆ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ಜಾರ್ಜ್ ಸಿ. ಸ್ಕಾಟ್ ಅಮೆರಿಕದವರು, ಇಲ್ಲಿ ಮೀಸೆ ಬಿಟ್ಟ ಬ್ರಿಟಿಷ್ ಮನುಷ್ಯ. ಇಂಗ್ಲಿಷ್ ಉಚ್ಚಾರ ಅಲ್ಲಲ್ಲಿ ಜಾರುತ್ತದೆ ನಿಜ. ಆದರೂ ಸುಮ್ಮನೆ ಕೂತು ಕೇಳಿಸಿಕೊಳ್ಳುವ ಪತ್ತೇದಾರನನ್ನು ಅವರು ಎಷ್ಟು ಚೆನ್ನಾಗಿ ಮಾಡಿದ್ದಾರೆ. ಮುಂದಿನ ವರ್ಷವೇ ಬಂದ ಇನ್ನೊಂದು ಸಿನಿಮಾದಲ್ಲಿ ಅವರು ಯುದ್ಧದ ಹುಚ್ಚು ಹಿಡಿದ ಜನರಲ್ ಆಗಿ ಎಗರಾಡಿದ್ದನ್ನು ನೆನೆಸಿಕೊಂಡರೆ ಇಬ್ಬರೂ ಒಬ್ಬರೇನಾ ಅನಿಸುತ್ತದೆ. ಅದಕ್ಕೆ ರಬ್ಬರ್ ಬೇಕಾಗಲಿಲ್ಲ.

ಇನ್ನೂ ಇದ್ದಾರೆ. ಮನೆಯ ಯಜಮಾನ ಮಾರ್ಕ್ವಿಸ್ ಆಗಿ ಕ್ಲೈವ್ ಬ್ರೂಕ್. 1929ರಲ್ಲಿ ಮಾತಾಡುವ ಸಿನಿಮಾದ ಷರ್ಲಾಕ್ ಹೋಮ್ಸ್ ಆಗಿದ್ದವರು. ತೆರೆಯಿಂದ ದೂರ ಸರಿದು ಎಷ್ಟೋ ವರ್ಷದ ಮೇಲೆ ಇದಕ್ಕೆ ಬಂದರು, ಇದೇ ಅವರ ಕೊನೆಯ ಸಿನಿಮಾ. ಹರ್ಬರ್ಟ್ ಮಾರ್ಷಲ್ ಇದ್ದಾರೆ, ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಅದನ್ನು ತೆರೆಯ ಮೇಲೆ ಗೊತ್ತಾಗದ ಹಾಗೆ ಜೀವನಪೂರ್ತಿ ನಟಿಸಿದವರು. ಗ್ಲಾಡಿಸ್ ಕೂಪರ್ ಕೆಲವೇ ನಿಮಿಷ ಬಂದು ಇಡೀ ಕೋಣೆಯನ್ನು ತಮ್ಮದು ಮಾಡಿಕೊಳ್ಳುತ್ತಾರೆ. ಇಂಥವರ ಬರೀ ಮುಖ ನೋಡುವ ಬದಲು ನಾವು ಎಲ್ಲಿ ಸಿನಾಟ್ರಾ, ಎಲ್ಲಿ ಕರ್ಟಿಸ್ ಅಂತ ಮೂಲೆಮೂಲೆ ಹುಡುಕುತ್ತಿರುತ್ತೇವೆ. ಗಿಮಿಕ್ಕಿನಿಂದ ಆದ ನಷ್ಟ ಇದು, ಹಳೇರೀಲು ಅವರೇ. ಇದಕ್ಕೆ ಏನಂತೀರಿ?

ಹಳೇರೀಲು

ನಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಎಲ್ಲರಿಗೂ ಎರಡನೇ ಸಲ ನೋಡಿ ಅಂತ ಹೇಳುತ್ತೇನೆ. ಮೊದಲ ಸಲ ಹುಡುಕಾಟದಲ್ಲೇ ಹೋಗುತ್ತದೆ. ಎರಡನೇ ಸಲಕ್ಕೆ ಯಾರು ಎಲ್ಲಿ ಅಂತ ಗೊತ್ತಿರುತ್ತದೆ, ಆಗ ಬ್ರೂಕ್, ಮಾರ್ಷಲ್, ಕೂಪರ್ ಎಲ್ಲರೂ ನಮಗೆ ಸಿಗುತ್ತಾರೆ. ಡಾನಾ ವಿಂಟರ್ ಮಾಡಿರುವ ಲೇಡಿ ಜೋಸ್ಲಿನ್ ಪಾತ್ರವನ್ನೂ ಗಮನಿಸಿ. ಪತ್ತೇದಾರನಿಗೆ ಜೋಡಿಯಾಗಲಿ ಅಂತ ಇಟ್ಟ ನಾಯಕಿ ಅಂದುಕೊಳ್ಳುತ್ತೇವೆ. ಅವಳು ಒಲಿಯುವುದು ಸಮುದ್ರದಿಂದ ಬದುಕಿ ಬಂದ ರೌಲ್‌ಗೆ. ಗೆಥ್ರಿನ್ ಅದನ್ನು ನೋಡಿಯೂ ತನ್ನ ಕೆಲಸ ಮುಂದುವರಿಸುತ್ತಾನೆ. ಈ ಸಂಗತಿಗೆ ಒಂದು ದೊಡ್ಡ ಮಾತೂ ಇಲ್ಲ, ಕಣ್ಣುಗಳಲ್ಲೇ ಮುಗಿದುಹೋಗುತ್ತದೆ.

ಎಡಿಟಿಂಗ್‌ಟೇಬಲ್ ಅವರ ಮಾತಿಗೆ: ಮೆರ್ಲಿನ್‌ಗೆ ಹೆಸರು ಕೊಡದೇ ಇದ್ದದ್ದು ಅನ್ಯಾಯ. ಅದನ್ನು ಸಮರ್ಥಿಸುವುದಿಲ್ಲ. ಆದರೆ ನನ್ನ ವಾದ ಸ್ಟುಡಿಯೋದ ಪ್ರಚಾರದ ಬಗ್ಗೆ ಇರಲಿಲ್ಲ, ತೆರೆಯ ಮೇಲಿರುವ ಮುಖಗಳ ಬಗ್ಗೆ. ಒಳಗಿರುವವನು ಯಾರೇ ಆಗಲಿ, ಆ ಪೆಟ್ಟಿಗೆ ವಾದ್ಯದವನು ಬೀದಿಯಲ್ಲಿ ನಿಂತು ಗೆಥ್ರಿನ್ ಕಡೆ ನೋಡಿದಾಗ ನನ್ನ ಎದೆ ಒಂದು ಸಲ ಧಸಕ್ ಅಂದಿತು. ಬರೀ ಮುಖದ ಯಾವನೋ ಸಣ್ಣ ನಟ ಅಲ್ಲಿ ನಿಂತಿದ್ದರೆ ಹಾಗೆ ಆಗುತ್ತಿರಲಿಲ್ಲ.

ಪತ್ತೇದಾರಿಪುಟ

ಸುಳಿವುಗಳ ಬಗ್ಗೆಯೂ ಒಂದು ಮಾತು. ಸಬ್‌ಟೈಟಲ್ ಹಾಕಿಕೊಂಡು ನೋಡುವವರಿಗೆ ಮುಖ್ಯ ಸುಳಿವೊಂದು ಕೈತಪ್ಪುತ್ತದೆ. ಆ ಮನೆತನದ ಹೆಸರನ್ನು ಬರೆಯುವುದು ಒಂದು ಥರ, ಹೇಳುವುದು ‘ಬ್ರೂಮ್’ ಅಂತ. ಸಾಯುವವನ ಮಾತಿನ ಗುಟ್ಟು ಕಿವಿಯಲ್ಲಿದೆ, ಅಕ್ಷರದಲ್ಲಿಲ್ಲ. ಅದಕ್ಕೇ ಆ ಮಾತುಗಳನ್ನು ಫ್ರೆಂಚ್‌ನವನೊಬ್ಬನ ಕಿವಿಗೆ ಹಾಕಿದ್ದು. ಮೊದಲ ಅರ್ಧ ಗಂಟೆ ಸಬ್‌ಟೈಟಲ್ ತೆಗೆದು ಕೇಳಿ ನೋಡಿ.

ಎಡಿಟಿಂಗ್‌ಟೇಬಲ್

ಕೇಳುವ ವಿಷಯ ಬಂತು ಅಂದಮೇಲೆ ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತವನ್ನು ಬಿಡುವ ಹಾಗಿಲ್ಲ. ಆಗಿನ್ನೂ ಸಿನಿಮಾಗೆ ಹೊಸಬರು. ಒಂಥರಾ ಕುಣಿಸಿ ಕಾಡುವ ರಾಗ, ಕೊಲೆಗಾರ ಪಾದ್ರಿಯ ನಡಿಗೆಗೆ ಸರಿಯಾಗಿ ಕೂರುತ್ತದೆ. ಐದು ವರ್ಷದ ಮೇಲೆ, 1968ರಲ್ಲಿ, ಇದೇ ಗೋಲ್ಡ್‌ಸ್ಮಿತ್ ಮತ್ತು ಚೌಕಿಮನೆ ಹೇಳಿದ ಜಾನ್ ಚೇಂಬರ್ಸ್ ಮತ್ತೆ ಒಂದೇ ಸಿನಿಮಾದಲ್ಲಿ ಸಿಗುತ್ತಾರೆ: ‘ಪ್ಲಾನೆಟ್ ಆಫ್ ದಿ ಏಪ್ಸ್’. ಆ ವಾನರ ಮುಖಗಳಿಗೆ ಚೇಂಬರ್ಸ್‌ಗೆ ವಿಶೇಷ ಆಸ್ಕರ್ ಕೊಟ್ಟರು. ಮೇಕಪ್ಪಿಗೆ ಅಂತ ಪ್ರತಿವರ್ಷ ಕೊಡುವ ಆಸ್ಕರ್ ಆಗಿನ್ನೂ ಇರಲೇ ಇಲ್ಲ. ಮೆಸೆಂಜರ್ ಸಿನಿಮಾದಲ್ಲಿ ಮುಖ ಗಟ್ಟಿಯಾಗಿ ನಿಂತುಬಿಡುತ್ತದೆ, ‘ಏಪ್ಸ್’ನಲ್ಲಿ ಕೆನ್ನೆ, ತುಟಿ ಎಲ್ಲ ಮಾತಿನ ಜೊತೆ ಅಲುಗುತ್ತವೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಆ ಕಸುಬು ಐದು ವರ್ಷದಲ್ಲಿ ಎಷ್ಟು ಮುಂದೆ ಹೋಯಿತು ಅಂತ ಕಾಣುತ್ತದೆ.

ಕೊನೆಯ ಮುಖ ಕೀಳುವ ಭಾಗದ ಬಗ್ಗೆ ನನ್ನ ನಿಲುವು ಈಗಲೂ ಅದೇ. ಕಥೆ ಮುಗಿಯುತ್ತದೆ, ಮಗು ಉಳಿಯುತ್ತದೆ, ದ್ರೋಹಿ ಸಾಯುತ್ತಾನೆ. ಅದರ ಭಾರ ನಮ್ಮ ಮೇಲೆ ಇಳಿಯುವ ಮೊದಲೇ ಡಗ್ಲಾಸ್ ದನಿ ಬಂದು ತಡೆಯುತ್ತದೆ, ನಟರೆಲ್ಲ ನಗುತ್ತಾ ರಬ್ಬರ್ ಕಿತ್ತು ಎಸೆಯುತ್ತಾರೆ. ಬರ್ಮಾದ ಶಿಬಿರದಲ್ಲಿ ಮೋಸಹೋಗಿ, ಬದುಕಿ ಬಂದು, ಕೊನೆಗೆ ಲಿಫ್ಟಿನಲ್ಲೋ ನದಿಯಲ್ಲೋ ಸತ್ತವರ ನೆನಪು ಆ ಒಂದು ನಿಮಿಷದಲ್ಲಿ ಒರೆಸಿಹೋಗುತ್ತದೆ. ನಾನಾಗಿದ್ದರೆ ಆ ಭಾಗವನ್ನು ಕತ್ತರಿಸಿಬಿಡುತ್ತಿದ್ದೆ.

ಚೌಕಿಮನೆ

ಕತ್ತರಿಸಬೇಡಿ. ನಮ್ಮ ಕಸುಬನ್ನು ಸಿನಿಮಾವೇ ನಿಂತು ತೋರಿಸುವ ಗಳಿಗೆ ಅದು, ಹಾಗೆ ಎಲ್ಲೂ ಸಿಗುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ನಂಟು ಇದೆ. ಬಡ್ ವೆಸ್ಟ್‌ಮೋರ್ ಅವರ ಅಣ್ಣನ ಮಗ ಮೈಕೆಲ್ ವೆಸ್ಟ್‌ಮೋರ್ ಕೂಡ ಮೇಕಪ್ ಕಲಾವಿದರು. ಕಮಲ್ ಹಾಸನ್ 2008ರ ‘ದಶಾವತಾರಂ’ನಲ್ಲಿ ಹತ್ತು ಪಾತ್ರ ಮಾಡಿದಾಗ ಮುಖಗಳ ಕೆಲಸ ಮಾಡಿದ್ದು ಅವರೇ. ಅಲ್ಲಿ ಹತ್ತೂ ವೇಷಗಳ ಒಳಗೆ ಒಬ್ಬರೇ ನಟ, ಒಳಗೆ ಯಾರಿದ್ದಾರೆ ಅಂತ ಎಲ್ಲರಿಗೂ ಗೊತ್ತು, ಬೆವರಿದ್ದೂ ಅವರೇ. ಎಡಿಟಿಂಗ್‌ಟೇಬಲ್ ಅವರಿಗೆ ಆ ಲೆಕ್ಕ ಸರಿಹೋಗಬಹುದು.

ಲಿಫಿದಡದವನು

ಇನ್ನೊಂದು ಸಲ ನೋಡುವವರಿಗೆ ಒಂದು ಕೋರಿಕೆ. ಬೇಟೆಯ ದೃಶ್ಯದಲ್ಲಿ ಜನರ ಗುಂಪು ಬಂದಾಗ ಜಿಪ್ಸಿಯನ್ನೂ ಆ ಹೆಂಗಸನ್ನೂ ಬಿಟ್ಟು ಹಿಂದೆ ನಿಂತಿರುವ ಹಳ್ಳಿಯವರ ಮುಖಗಳನ್ನು ನೋಡಿ. ಗಾಳಿ, ಮಳೆ ತಿಂದ ಆ ಮುಖಗಳಲ್ಲಿ ಯಾವುದು ನಿಜ, ಯಾವುದು ಅಂಟಿಸಿದ್ದು ಅಂತ ನನಗೆ ಕೊಲೆಗಾರ ಸಿಕ್ಕಿಬೀಳುವವರೆಗೂ ಗೊತ್ತಾಗಿರಲಿಲ್ಲ. ಹಳೇರೀಲು ಅವರ ವಾದಕ್ಕೆ ನನ್ನ ಮತ.